ವಿಳಾಸ ಸರಿಯಾಗಿಲ್ಲ

ಅವತ್ತು ಉತ್ತರದ ಗಾಳಿ ಬೀಸುತ್ತಿತ್ತು. ಆ ಬಿಸಿಗಾಳಿ ಬೀಸುವ ದಿನ ನಮ್ಮ ರಾಜಧಾನಿ ಅಸುನ್ಸಿಯೊನ್‌ನಲ್ಲಿ ಎಲ್ಲರ ತಲೆಯೂ ಒಂಚೂರು ಕೆಟ್ಟಿರುತ್ತದೆ. ಗಂಡ ಹೆಂಡಿರು ಉಪ್ಪಿನ ಡಬ್ಬಿಗೆ ಜಗಳವಾಡುತ್ತಾರೆ, ಬಸ್ ಡ್ರೈವರುಗಳು ಸುಮ್ಮನೆ ಹಾರ್ನ್ ಒತ್ತುತ್ತಾರೆ. ಪನಂಬಿ ಕಞೇತೆಗೆ ಮಾತ್ರ ಸಿಟ್ಟಿಗೆ ಸರಿಯಾದ ಕಾರಣವೇ ಇತ್ತು.

ಆಫೀಸಿನ ಅಡುಗೆಮೂಲೆಯಲ್ಲಿ ನಿಂತು ಅವಳು ತೆರೆರೆಯ ಒಣಸೊಪ್ಪಿಗೆ ಐಸ್ ನೀರು ಸುರಿಯುತ್ತಿದ್ದಳು. ಫ್ರಿಜ್ಜಿಗೆ ಒರಗಿಕೊಂಡು ಒಬ್ಬ ಅಪರಿಚಿತ ನಿಂತಿದ್ದ. ತೆಳ್ಳಗಿನ ಆಳು, ತೋಳು ಮಡಚಿದ ನೀಲಿ ಅಂಗಿ. ಎ.ಸಿ. ರಿಪೇರಿಗೆ ಬಂದವನಿರಬೇಕು ಅಂದುಕೊಂಡು ಅವಳು ಕೊಂಬಿನ ಲೋಟ ತುಂಬಿ ಅವನ ಕೈಗೆ ಕೊಟ್ಟಳು. ತೆರೆರೆ ಒಬ್ಬರೇ ಕುಡಿಯುವುದು ನಮ್ಮಲ್ಲಿ ಮರ್ಯಾದೆಯಲ್ಲ.

"ನೀವೇ ಹೇಳಿ," ಅಂದಳು. "ನಿಮಗೂ ಒಂದು ಈ-ಮೇಲ್ ಇದೆ ತಾನೆ?"

"ಇದೆ."

"ಪಾಸ್‌ವರ್ಡ್?"

"ಅದೂ ಇದೆ."

"ದೇಶದಲ್ಲಿರೋ ಹಳ್ಳಿ ನರ್ಸ್‌ಗಳಿಗೆಲ್ಲ ಆರೋಗ್ಯ ಇಲಾಖೆಯವರು ಕಾಯಂ ಕೆಲಸ ಕೊಡ್ತಾರಂತೆ. ಅರ್ಜಿ ಹಾಕೋ ವೆಬ್‌ಸೈಟ್ ನಾವು ಮಾಡ್ತಿರೋದು. ಅವರು ನೋಡೋ ಫಾರ್ಮ್ ನಂದು. ಬೆಳಗ್ಗೆ ಯಾವನೋ ಪುಣ್ಯಾತ್ಮ ರೂಲ್ಸ್ ಕಳಿಸಿದಾನೆ. ಈ-ಮೇಲ್ ಕೊನೇಲಿ ಚುಕ್ಕೆ ಆದಮೇಲೆ ನಾಲ್ಕು ಅಕ್ಷರಕ್ಕಿಂತ ಜಾಸ್ತಿ ಇದ್ರೆ ತಪ್ಪು. ಪಾಸ್‌ವರ್ಡ್‌ಗೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ. ಆದ್ರೆ ಉದ್ದ ಆಗಬಾರದು. ಮಧ್ಯೆ ಜಾಗ ಬಿಡಬಾರದು. ಅಪಾಸ್ಟ್ರಫಿ ಬೇಡ. 'ಞ' ಅಂತೂ ಬೇಡವೇ ಬೇಡ. ಗ್ವಾರಾನಿ ಮಾತಾಡೋ ದೇಶದಲ್ಲಿ ಅಪಾಸ್ಟ್ರಫಿ ಇಲ್ದೆ ಜನ ಉಸಿರಾಡ್ತಾರಾ? ಯಾವ ಪೆದ್ದ ಇದನ್ನ ಬರೆದಿದ್ದು ಅಂತ ಗೊತ್ತಾಗ್ಬೇಕು ನಂಗೆ."

ಅವನು ಲೋಟ ಖಾಲಿಯಾಗಿ ನಳಿಗೆ ಗೊರಗೊರ ಅನ್ನುವವರೆಗೂ ಹೀರಿದ. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

"ಆ ಪೆದ್ದ ನಾನೇ. ಎಲಾದಿಯೊ ಯೆಗ್ರೋಸ್. ಸರ್ವರ್ ಕಡೆ ಕೆಲಸಕ್ಕೆ ಇವತ್ತು ಸೇರಿದೆ."

ಪನಂಬಿಯ ಕಿವಿ ಬಿಸಿಯಾಯಿತು. ತೆರೆರೆ ಕುಡಿಯುವಾಗ ಥ್ಯಾಂಕ್ಸ್ ಅಂದರೆ 'ಸಾಕು, ಇನ್ನು ಬೇಡ' ಅಂತ ಅರ್ಥ. ಅವನು ಥ್ಯಾಂಕ್ಸ್ ಅನ್ನಲಿಲ್ಲ. ಇನ್ನೊಂದು ಲೋಟಕ್ಕೆ ಕಾಯುತ್ತಾ ಅಲ್ಲೇ ನಿಂತ. ಅವನ ಎಡಹುಬ್ಬಿನ ಮಧ್ಯೆ ಒಂದು ಸಣ್ಣ ಗಾಯದ ಗೆರೆ ಇತ್ತು. ನಗು ತಡೆದುಕೊಂಡಾಗ ಅದು ಮೇಲೇರುತ್ತಿತ್ತು.

ಅವಳು ಇನ್ನೊಂದು ಲೋಟ ತುಂಬಿದಳು. ನೀರು ಅರ್ಧ ನೆಲಕ್ಕೆ ಚೆಲ್ಲಿತು.

*

ಪನಂಬಿ ಅಂದರೆ ಗ್ವಾರಾನಿಯಲ್ಲಿ ಚಿಟ್ಟೆ. ಕೂತಲ್ಲಿ ಕೂರುವ ಹುಡುಗಿಯಲ್ಲ ಅವಳು. ಯೋಚನೆ ಬಂದರೆ ಚಪ್ಪಲಿ ಬಿಟ್ಟು ಕಾರಿಡಾರಿನಲ್ಲಿ ಓಡಾಡುತ್ತಾಳೆ, ಪೆನ್ನಿನ ಮುಚ್ಚಳ ಕಚ್ಚಿ ಹಾಳುಮಾಡುತ್ತಾಳೆ. ಎಲಾದಿಯೊ ಹಾಗಲ್ಲ. ನದೀದಂಡೆಯ ಕೊಕ್ಕರೆಯ ಹಾಗೆ ಒಂದೇ ಕಡೆ ಕೂತಿರುತ್ತಾನೆ. ಪ್ರಶ್ನೆ ಕೇಳಿದರೆ ಉತ್ತರ ಬರುವ ಹೊತ್ತಿಗೆ ಕೇಳಿದವರು ಇನ್ನೊಂದು ಕೆಲಸಕ್ಕೆ ಹೋಗಿರುತ್ತಾರೆ.

ಅವರ ಟೇಬಲ್ಲುಗಳ ಮಧ್ಯೆ ಬರೀ ಒಂದು ಗಾಜಿನ ಗೋಡೆ. ಆದರೂ ಜಗಳ ನಡೆಯುತ್ತಿದ್ದದ್ದು ಚಾಟ್‌ನಲ್ಲಿ.

'ಫಾರ್ಮ್ ತುಂಬೋವರು ನರ್ಸ್‌ಗಳು, ಕಳ್ಳರಲ್ಲ,' ಅಂತ ಅವಳು ಬರೆದರೆ, ಅವನ ಹೆಸರಿನ ಪಕ್ಕ ಮೂರು ಚುಕ್ಕೆ ಕುಣಿಯುತ್ತಿದ್ದವು. ನಿಲ್ಲುತ್ತಿದ್ದವು. ಮತ್ತೆ ಕುಣಿಯುತ್ತಿದ್ದವು. ಮಹಾಕಾವ್ಯವೇ ಬರುತ್ತದೆ ಅಂದುಕೊಂಡು ಅವಳು ಉಗುರು ಕಚ್ಚಿ ಕಾದರೆ, ಬರುತ್ತಿದ್ದದ್ದು ಒಂದೇ ಸಾಲು: 'ಕಳ್ಳರೂ ಅದೇ ಫಾರ್ಮ್ ತುಂಬ್ತಾರೆ.'

ಅವಳು ಗಾಜಿನಾಚೆ ದುರುಗುಟ್ಟಿ ನೋಡುತ್ತಿದ್ದಳು. ಅವನು ಸ್ಕ್ರೀನಿನಿಂದ ಕಣ್ಣೆತ್ತುತ್ತಿರಲಿಲ್ಲ. ಹುಬ್ಬಿನ ಗೆರೆ ಮಾತ್ರ ಮೇಲೇರಿರುತ್ತಿತ್ತು.

ಒಂದು ದಿನ ಅವಳು ಎದ್ದು ಅವನ ಟೇಬಲ್ಲಿಗೇ ಹೋದಳು.

"ನಿಮ್ಮ ಪ್ರಕಾರ ಯಾರನ್ನೂ ನಂಬಬಾರದು. ಹೌದೋ ಅಲ್ವೋ?"

"ಹೊರಗಿಂದ ಬರೋ ಯಾವುದನ್ನೂ ಪರೀಕ್ಷೆ ಮಾಡದೆ ಒಳಗೆ ಬಿಡಬಾರದು. ಅಷ್ಟೇ."

"ಮನುಷ್ಯರನ್ನೂ?"

"ಮನುಷ್ಯರನ್ನ... ನಿಧಾನಕ್ಕೆ."

"ನಿಮ್ಮ ಪಾಸ್‌ವರ್ಡ್ ಏನು? ಯಾವ ಹುಡುಗಿ ಹೆಸರು? ನಿಜ ಹೇಳಿ."

"ಅದನ್ನ ಒಂದು ಪ್ರೋಗ್ರಾಂ ಮಾಡಿಕೊಡುತ್ತೆ. ನಂಗೇ ಗೊತ್ತಿಲ್ಲ."

"ಅಯ್ಯೋ ಪಾಪ!" ಅಂದಳು ಅವಳು, ನಿಜವಾಗಿಯೂ ಮರುಕದಿಂದ. ಅವನು ಆಗ ನಕ್ಕ. ಅದೇ ಮೊದಲ ಸಲ ಅವಳು ಅವನ ಪೂರ್ತಿ ನಗು ನೋಡಿದ್ದು. ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟ. ಅವಳು ತನ್ನ ಜಾಗಕ್ಕೆ ವಾಪಸ್ ಬಂದು ಏನು ಮಾಡುತ್ತಿದ್ದೆ ಅಂತ ನೆನಪಾಗದೆ ಡ್ರಾಯರ್ ಎಳೆದು ಮುಚ್ಚಿದಳು, ಮತ್ತೆ ಎಳೆದಳು.

ಮಾರನೆಯ ದಿನ ನೋಡುತ್ತಾಳೆ, ಪಾಸ್‌ವರ್ಡ್‌ನಲ್ಲಿ ಅಪಾಸ್ಟ್ರಫಿಗೆ ಬಿಡುಗಡೆ ಸಿಕ್ಕಿದೆ. ಒಂದು ಮೆಸೇಜ್ ಇಲ್ಲ, ಏನಿಲ್ಲ.

"ಅಪಾಸ್ಟ್ರಫಿ ಬಿಟ್ಟಿದೀರಿ," ಅಂದಳು ಗಾಜಿನ ಗೋಡೆಯ ಅಂಚಿಗೆ ತಲೆ ಹಾಕಿ.

"ಹೂಂ. ನೀವು ಹೇಳಿದ್ದು ಸರಿ ಇತ್ತು."

"ಹಾಗಂತ ಬಾಯಿಬಿಟ್ಟು ಹೇಳೋಕೇನು ಕಷ್ಟ?"

"ಹೇಳಿದೆನಲ್ಲ, ಈಗ."

ಅವತ್ತಿನಿಂದ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಸೆಕೆ ಅಂತ ಅಮ್ಮನಿಗೆ ಹೇಳಿದಳು.

*

ಫಾರ್ಮ್ ಜನರಿಗೆ ತೆರೆದ ಮೇಲೆ ಫೋನಿನ ಮೇಲೆ ಫೋನು. ಹಳ್ಳಿಗಳ ಸಹಕಾರ ಸಂಘದವರು ನರ್ಸ್‌ಗಳಿಗೆಲ್ಲ ಹೊಸ ವಿಳಾಸ ಮಾಡಿಕೊಟ್ಟಿದ್ದರು. ಅವುಗಳ ಕೊನೆಯಲ್ಲಿ ನಾಲ್ಕಲ್ಲ, ಆರು ಅಕ್ಷರ. ಟೈಪ್ ಮಾಡಿದ ತಕ್ಷಣ ಕೆಂಪು ಗೆರೆ: ವಿಳಾಸ ಸರಿಯಾಗಿಲ್ಲ. ಇನ್ನು ಕೆಲವರ ಮೊಬೈಲು ವಿಳಾಸದ ಕೊನೆಗೆ ತಾನೇ ಒಂದು ಖಾಲಿ ಜಾಗ ಸೇರಿಸುತ್ತಿತ್ತು. ಕಣ್ಣಿಗೆ ಕಾಣದ ಆ ಜಾಗಕ್ಕೂ ಕೆಂಪು ಗೆರೆ. ಪಾಸ್‌ವರ್ಡಿನದು ಬೇರೆಯೇ ಗೋಳು. ದೊಡ್ಡಕ್ಷರ ಹಾಕಿದರೆ ಅಂಕಿ ಎಲ್ಲಿ ಅನ್ನುತ್ತಿತ್ತು, ಅಂಕಿ ಹಾಕಿದರೆ ಚಿಹ್ನೆ ಎಲ್ಲಿ, ಎಲ್ಲಾ ಹಾಕಿದರೆ ಉದ್ದವಾಯಿತು.

"ರೂಲ್ ಸಡಿಲ ಮಾಡಿ," ಅಂದಳು ಪನಂಬಿ.

"ಮಾಡ್ತೀನಿ. ಪರೀಕ್ಷೆ ಮಾಡಿ ನೋಡ್ಬೇಕು. ಮುಂದಿನ ವಾರ."

"ಮುಂದಿನ ವಾರಾನಾ? ಜನ ಬಿಟ್ಟು ಹೋಗ್ತಿದಾರೆ ಎಲಾದಿಯೊ!"

"ಅವಸರದಲ್ಲಿ ತೆಗೆದ ಬಾಗಿಲನ್ನ ಮುಚ್ಚೋದು ಕಷ್ಟ."

ಶುಕ್ರವಾರ ಮಧ್ಯಾಹ್ನ ಅವನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ. ಪನಂಬಿಗೆ ಕಾಯುವುದಾಗಲಿಲ್ಲ. ಪರದೆಯ ಮೇಲಿನ ತಪಾಸಣೆಗಳನ್ನೆಲ್ಲ ತಾನೇ ತೆಗೆದುಹಾಕಿದಳು. ಸರ್ವರಿನೊಳಗೆ ಅದೇ ರೂಲ್‌ಗಳ ತಪಾಸಣೆ ಇನ್ನೊಮ್ಮೆ ನಡೆಯುತ್ತಿತ್ತು, ಅದು ಅವನ ಕೈಯಲ್ಲಿತ್ತು. ಹಳ್ಳಿಗಳಲ್ಲಿ ನೆಟ್‌ವರ್ಕ್ ಎಳೆಯುತ್ತಲೇ ಇರುತ್ತದೆ, ಚಕ್ರ ತಿರುಗುವುದನ್ನು ನೋಡಿ ಜನ ಎದ್ದು ಹೋಗುತ್ತಾರೆ. ಹಾಗಾಗಿ ಸರ್ವರಿನಿಂದ ಉತ್ತರ ಬರುವ ಮೊದಲೇ 'ಧನ್ಯವಾದ, ನಿಮ್ಮ ಅರ್ಜಿ ಬಂದಿದೆ' ಅನ್ನುವ ಪುಟ ತೋರಿಸುವಂತೆ ಮಾಡಿದಳು. ಸೋಮವಾರ ಅವನಿಗೆ ಹೇಳಿದರಾಯಿತು. ಹೇಗೂ ಅವನೂ ಸರ್ವರಿನಲ್ಲಿ ಸಡಿಲ ಮಾಡುತ್ತಾನಲ್ಲ.

ಸೋಮವಾರ ಅವನು ಬಿಸಿಬಿಸಿ ಚಿಪಾ ತಂದಿದ್ದ. ಕಾಗದದಲ್ಲಿ ಸುತ್ತಿದ ಆ ಚೀಸಿನ ರೊಟ್ಟಿಯುಂಗುರವನ್ನು ಅವಳ ಕೀಬೋರ್ಡಿನ ಮೇಲೇ ಇಟ್ಟ.

"ಇದೇನು?"

"ಬಸ್‌ಸ್ಟ್ಯಾಂಡಲ್ಲಿ ಮಾರ್ತಿದ್ರು. ನಿಮಗೆ ತಿಂಡಿ ತಿನ್ನೋದು ಮರೆತುಹೋಗುತ್ತೆ."

"ನಿಮಗೆ ಹೇಗೆ ಗೊತ್ತು?"

ಅವನು ಗಾಜಿನ ಗೋಡೆಯ ಕಡೆ ಕೈ ತೋರಿಸಿದ. ಆಮೇಲೆ, ಮಾಡಬಾರದ ತಪ್ಪು ಮಾಡಿದವನ ಹಾಗೆ ಕತ್ತು ಕೆಂಪಗೆ ಮಾಡಿಕೊಂಡು ಹೊರಟುಹೋದ.

ಆ ಗಳಿಗೆಯಲ್ಲಿ ಅವಳು ಶುಕ್ರವಾರದ ವಿಷಯ ಹೇಳಬೇಕಿತ್ತು. ಚಿಪಾ ಬೆಚ್ಚಗಿತ್ತು. ಹೇಳಿದರೆ ಅವನ ಮುಖ ಹೇಗಾಗಬಹುದು ಅಂತ ಯೋಚಿಸಿದಳು. ನಾಳೆ ಹೇಳುತ್ತೇನೆ ಅಂದುಕೊಂಡಳು. ದೂರಿನ ಫೋನುಗಳು ನಿಂತವು. ನಾಳೆ ಅನ್ನುವುದು ಹಾಗೇ ಮುಂದಕ್ಕೆ ಹೋಯಿತು. ಇನ್ನೊಂದು ಪ್ರಾಜೆಕ್ಟಿನ ಕೆಲಸ ಮೈಮೇಲೆ ಬಿದ್ದು, ಅವನ ಮುಂದಿನ ವಾರವೂ ಮುಂದಕ್ಕೆ ಹೋಯಿತು.

*

ಅರ್ಜಿಗೆ ಕೊನೆಯ ದಿನ ಬಂತು. ಕಂಪನಿಯ ಯಜಮಾನಿ ದೋಞಾ ಎರ್ಮೀನಿಯ, ನದಿಯಾಚೆಯ ಹಳ್ಳಿಯ ನರ್ಸ್‌ಗಳಿಗೆ ಸಹಾಯ ಮಾಡಿ ಬನ್ನಿ ಅಂತ ಇಬ್ಬರನ್ನೂ ಕಳಿಸಿದಳು. ಹಿಂದಿನ ರಾತ್ರಿಯೇ ಕೊನ್ಸೆಪ್ಸಿಯೊನ್ ಪೇಟೆ ತನಕ ಬಸ್ಸು, ಅಲ್ಲಿಂದ ಬೆಳಗ್ಗೆ ಮೋಟಾರು ದೋಣಿ. ದೋಣಿಯಲ್ಲಿ ಅವನ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು. ಇಬ್ಬರೂ ತೆಗೆಯಲಿಲ್ಲ, ಇಬ್ಬರೂ ಬೇರೆ ಬೇರೆ ದಂಡೆ ನೋಡುತ್ತಾ ಕೂತರು.

ಸಾನ್ ಹಿನೇಸ್ ಆರೋಗ್ಯ ಕೇಂದ್ರದ ವರಾಂಡದಲ್ಲಿ ಸುತ್ತಮುತ್ತಲಿನ ನರ್ಸ್‌ಗಳೆಲ್ಲ ಸೇರಿದ್ದರು. ಅವರಲ್ಲಿ ಹಿರಿಯಳು ರೆಸ್ತಿತೂತಾ. ಹಿರಿಯ ಹೆಂಗಸರನ್ನು ನಮ್ಮಲ್ಲಿ ಞಾ ಅಂತ ಕರೆಯುತ್ತೇವೆ. ಆ ಸೀಮೆಯ ಅರ್ಧ ಮಕ್ಕಳು ಹುಟ್ಟಿದ್ದು ಞಾ ರೆಸ್ತಿತೂತಾಳ ಕೈಯಲ್ಲೇ. ಆದರೂ ಇಷ್ಟು ವರ್ಷ ದಿನಗೂಲಿ ಕೆಲಸ. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ.

"ನಂದು ಆಗೋಯ್ತು ಮಗಳೇ," ಅಂದಳು ಫೋನು ತೋರಿಸಿ. "ಎರಡು ವಾರ ಆಯ್ತು. ಧನ್ಯವಾದ ಅಂತ ಬಂತು, ಫೋಟೋನೂ ತೆಗೆದಿಟ್ಟೀನಿ. ಆದ್ರೆ ಮೇಲ್ ಬರುತ್ತೆ ಅಂದಿದ್ರಲ್ಲ, ಅದು ಬರಲೇ ಇಲ್ಲ."

"ನಂಗೂ ಬಂದಿಲ್ಲ," ಅಂದಳು ಪಕ್ಕದವಳು.

"ನಂಗೂ."

ಪನಂಬಿ ಫೋನು ಕೈಗೆ ತೆಗೆದುಕೊಂಡಳು. ಞಾ ರೆಸ್ತಿತೂತಾಳ ವಿಳಾಸ ನೋಡಿದಳು. ಕೊನೆಯಲ್ಲಿ ಆರು ಅಕ್ಷರ.

ಎಲಾದಿಯೊ ಆಗಲೇ ಲ್ಯಾಪ್‌ಟಾಪ್ ತೆರೆದಿದ್ದ. ಸರ್ವರ್ ತಿರಸ್ಕರಿಸಿದ ವಿಳಾಸಗಳು ಪರದೆಯ ಮೇಲೆ ಒಂದರ ಕೆಳಗೊಂದು ಇಳಿಯುತ್ತಾ ಹೋದವು. ಮುಗಿಯಲೇ ಇಲ್ಲ. ಅವನು ಲ್ಯಾಪ್‌ಟಾಪನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದ.

ಇವಳ ಪರದೆ ಎಲ್ಲರನ್ನೂ ಬನ್ನಿ ಅಂದಿತ್ತು. ಅವನ ಸರ್ವರ್ ಅವರನ್ನೆಲ್ಲ ಬಾಗಿಲಲ್ಲೇ ತಡೆದು ಎಸೆದಿತ್ತು. ಮಧ್ಯೆ ಇವಳ ಧನ್ಯವಾದದ ಪುಟ ಅವರಿಗೆಲ್ಲ ನಗುತ್ತಾ ಸುಳ್ಳು ಹೇಳಿತ್ತು.

"ಸರಿ ಮಾಡೋಣ," ಅಂದ ಅವನು. ಬೆರಳು ಕೀಬೋರ್ಡಿನ ಮೇಲಿಟ್ಟ. ಅದೇ ಹೊತ್ತಿಗೆ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಗೋಡೆಯ ಮೇಲಿನ ಇಂಟರ್‌ನೆಟ್ ಪೆಟ್ಟಿಗೆಯ ದೀಪಗಳು ಆರಿದವು.

"ಕರೆಂಟ್ ಹೋಯ್ತು," ಅಂದಳು ಞಾ ರೆಸ್ತಿತೂತಾ. "ಈ ಸೆಕೇಲಿ ದಿನಾ ಹೋಗುತ್ತೆ. ಸಂಜೆಗೆ ಬಂದ್ರೂ ಬರಬಹುದು."

"ಫೋನ್ ಸಿಗ್ನಲ್?"

"ಇಲ್ಲಿ? ಆ ಮರ ಹತ್ತಿದ್ರೂ ಸಿಗಲ್ಲ."

ಪನಂಬಿ ಅವಳ ಒರಟು ಕೈ ಹಿಡಿದುಕೊಂಡಳು. "ಞಾ ರೆಸ್ತಿತೂತಾ, ನಿಮ್ಮ ಅರ್ಜಿ ಹೋಗಿಲ್ಲ. ತಪ್ಪು ನಮ್ಮದು. ನಾವು ಪೇಟೆಗೆ ಹೋಗಿ ಸರಿ ಮಾಡ್ತೀವಿ. ಕರೆಂಟ್ ಬಂದ ಕೂಡ್ಲೆ ಫೋನ್ ನೋಡಿ. ಮತ್ತೆ ತುಂಬಬೇಕಾಗುತ್ತೆ."

ಞಾ ರೆಸ್ತಿತೂತಾ ಆ ಫೋಟೋವನ್ನೇ ನೋಡುತ್ತಾ ನಿಂತಳು. "ಹಾಗಾದ್ರೆ ಧನ್ಯವಾದ ಅಂತ ಯಾಕೆ ಅಂತು?" ಅಂತ ಕೇಳಿದಳು. ಬೈಯ್ಯಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

ಪನಂಬಿ ಚೀಲ ಎತ್ತಿಕೊಂಡು ದೋಣಿಯ ಕಡೆ ನಡೆದಳು.

*

ವಾಪಸ್ ಬರುವಾಗ ದೋಣಿ ಮರಳು ದಿಬ್ಬಕ್ಕೆ ಸಿಕ್ಕಿಕೊಂಡಿತು. ಆ ವರ್ಷ ನದಿ ತೀರಾ ಇಳಿದಿತ್ತು. ದೋಣಿಯ ಸಿರ್ಯಾಕೊ ಮಾಮ ಕೋಲು ಹಾಕಿ ನೂಕಿದ, ಬೈದ, ಕೊನೆಗೆ ಟೋಪಿ ಮುಖದ ಮೇಲೆ ಎಳೆದುಕೊಂಡ.

"ಇನ್ನೊಂದು ದೋಣಿ ಬಂದು ಎಳೀಬೇಕು."

"ಯಾವಾಗ ಬರುತ್ತೆ ಮಾಮ?"

"ಬಂದಾಗ ಬರುತ್ತೆ. ಕೂತ್ಕೋ ಮಗಾ, ನೀನು ಹೀಗೆ ಕುಣಿದ್ರೆ ದೋಣಿ ಇನ್ನೂ ಕೆಳಗಿಳಿಯುತ್ತೆ."

ಅವಳಿಗೆ ಕೂರಲಾಗಲಿಲ್ಲ. ದೋಣಿಯ ಈ ತುದಿಗೆ ಹೋದಳು, ಆ ತುದಿಗೆ ಬಂದಳು. ಫೋನನ್ನು ಆಕಾಶಕ್ಕೆ ಹಿಡಿದಳು. ನೀರು ತವರದ ಹಾಳೆಯ ಹಾಗೆ ಹೊಳೆಯುತ್ತಿತ್ತು. ಬಿಸಿಗಾಳಿಗೆ ಕೂದಲು ಬಾಯಿಗೆ ಬರುತ್ತಿತ್ತು. ಎಲಾದಿಯೊ ಮಾತ್ರ ಹಲಗೆಯ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದ.

"ಬೈಯಿ!" ಅಂದಳು ಅವಳು ಕೊನೆಗೆ, ಅವನ ಮುಂದೆ ನಿಂತು. "ಏನಾದ್ರೂ ಅನ್ನು! ನಾನೇ ತೆಗೆದಿದ್ದು. ನೀನು ಹಲ್ಲಿನ ಡಾಕ್ಟರ ಹತ್ರ ಹೋದಾಗ. ಹೇಳ್ಬೇಕು ಅಂತಿದ್ದೆ, ನೀನು ಚಿಪಾ ತಂದುಬಿಟ್ಟೆ. ಎಲ್ಲಾ ನಿನ್ನ ಚಿಪಾದಿಂದ ಆಗಿದ್ದು!"

ಸಿರ್ಯಾಕೊ ಮಾಮ ಟೋಪಿ ಎತ್ತಿ ಒಂದು ಕಣ್ಣಲ್ಲಿ ನೋಡಿ ಮತ್ತೆ ಮುಚ್ಚಿಕೊಂಡ.

ಅವಳಿಗೆ ಆಗ ಗೊತ್ತಾಯಿತು, ತಾನು 'ನೀನು' ಅಂದುಬಿಟ್ಟೆ ಅಂತ. ಅವನಿಗೂ ಗೊತ್ತಾಯಿತು. ಕಣ್ಣೆತ್ತಿ ಅವಳನ್ನು ನೋಡಿದ. ಯಾವತ್ತೂ ಅಷ್ಟು ಹೊತ್ತು ನೋಡಿರಲಿಲ್ಲ. ಬಿಸಿಲಿಗೆ ಅವನ ಕಣ್ಣು ಜೇನಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ದಿನ ಅದು ಬರೀ ಕಪ್ಪು ಅಂತ ಅವಳು ತಿಳಿದುಕೊಂಡಿದ್ದಳು.

"ತಪ್ಪು ನಿಂದೊಂದೇ ಅಲ್ಲ," ಅಂದ. "ಸರಿಯಿಲ್ಲದ ವಿಳಾಸ ಬಂದ್ರೆ ಸುಮ್ನೆ ಬಿಸಾಕು ಅಂತ ಸರ್ವರ್‌ಗೆ ಬರೆದೋನು ನಾನು. ನನಗಾದ್ರೂ ಒಂದು ಮಾತು ತಿಳಿಸು ಅಂತ ಬರೀಲಿಲ್ಲ. ಆ ಪಟ್ಟೀನ ಒಂದು ದಿನ ತೆಗೆದು ನೋಡಿದ್ರೂ ಗೊತ್ತಾಗ್ತಿತ್ತು."

"ಯಾಕೆ ನೋಡ್ಲಿಲ್ಲ? ನೀನು ನಿನ್ನ ನೆರಳನ್ನೂ ಎರಡು ಸಲ ಪರೀಕ್ಷೆ ಮಾಡೋ ಮನುಷ್ಯ!"

"ಪರದೆ ನೀನು ನೋಡ್ಕೋತಿದೀಯಲ್ಲ ಅಂತ. ನಿಂದನ್ನ ನಾನು ಪರೀಕ್ಷೆ ಮಾಡ್ಲಿಲ್ಲ ಪನಂಬಿ. ಯಾರ್ದನ್ನೂ ಹಾಗೆ ಬಿಟ್ಟಿಲ್ಲ ನಾನು. ನಿಂದನ್ನ ಮಾತ್ರ."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಮುಖ ಆ ಕಡೆ ತಿರುಗಿಸಿ ಅತ್ತಳು. ಅವನು ಎದ್ದು ನಿಂತ, ಕೈ ಅವಳ ಭುಜದ ಹತ್ತಿರ ಬಂತು, ಮುಟ್ಟದೆ ಗಾಳಿಯಲ್ಲೇ ನಿಂತಿತು.

"ನೀರು ಎಷ್ಟು ಆಳ ಇದೆ ಮಾಮ?" ಅಂತ ಕೇಳಿದ.

"ಸೊಂಟದ ತನಕ. ಆ ಕಡೆ ದಂಡೇಲಿ ಲಾರಿ ರೋಡು. ಯಾಕೆ?"

ಎಲಾದಿಯೊ ಆಗಲೇ ಶೂ ಬಿಚ್ಚುತ್ತಿದ್ದ. ಯೋಚಿಸದೆ ಅವನು ಮಾಡಿದ ಮೊದಲ ಕೆಲಸ ಅದು.

ಇಬ್ಬರೂ ಲ್ಯಾಪ್‌ಟಾಪ್ ಚೀಲಗಳನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದರು. ಮರಳು ಕಾಲ ಕೆಳಗೆ ಜಾರುತ್ತಿತ್ತು. ಒಂದು ಕಡೆ ಅವಳು ಮುಗ್ಗರಿಸಿದಳು. ಅವನ ಕೈ ಈ ಸಲ ಗಾಳಿಯಲ್ಲಿ ನಿಲ್ಲಲಿಲ್ಲ. ಅವಳ ಮುಂಗೈ ಹಿಡಿಯಿತು, ದಂಡೆ ಹತ್ತಿದ ಮೇಲೂ, ರಸ್ತೆ ಸಿಗುವವರೆಗೂ ಬಿಡಲಿಲ್ಲ.

"ಚೀಲಾನೇ ಉಳಿಸ್ತೀಯೇನೋ ಅಂದ್ಕೊಂಡೆ," ಅಂದಳು ಅವಳು ಮೂಗು ಒರೆಸಿಕೊಳ್ಳುತ್ತಾ.

"ಯೋಚನೆ ಬಂತು," ಅಂದ ಅವನು.

ಅವಳು ನದಿಯಷ್ಟಗಲ ನಕ್ಕಳು.

*

ಕಲ್ಲಂಗಡಿ ಲಾರಿಯವನೊಬ್ಬ ಅವರನ್ನು ಕೊನ್ಸೆಪ್ಸಿಯೊನ್‌ಗೆ ತಂದುಬಿಟ್ಟ. ನೆಟ್‌ವರ್ಕ್ ಚೆನ್ನಾಗಿದ್ದದ್ದು ಚೌಕದ ಐಸ್‌ಕ್ರೀಮ್ ಅಂಗಡಿಯಲ್ಲಿ. ಒದ್ದೆ ಬಟ್ಟೆಯಲ್ಲೇ ಒಂದೇ ಟೇಬಲ್ಲಿನ ಎರಡು ಕಡೆ ಕೂತರು. ಮಧ್ಯೆ ಗಾಜಿನ ಗೋಡೆ ಇರಲಿಲ್ಲ.

"ವಿಳಾಸದ ಮೊದಲು, ಕೊನೆ ಇರೋ ಖಾಲಿ ಜಾಗ ನಾನೇ ಕತ್ತರಿಸ್ತೀನಿ," ಅಂದಳು.

"ನಾನೂ ಕತ್ತರಿಸ್ತೀನಿ. ಎರಡೂ ಕಡೆ ಒಂದೇ ರೂಲ್ ಇರ್ಲಿ. ಚುಕ್ಕೆ ಆದ್ಮೇಲೆ ಎಷ್ಟು ಉದ್ದ ಇದ್ರೂ ಬಿಡ್ತೀನಿ. ವಿಳಾಸ ನಿಜಾನಾ ಅಂತ ತಿಳಿಯೋಕೆ ಒಂದು ಮೇಲ್ ಕಳಿಸಿ ನೋಡಿದ್ರಾಯ್ತು."

"ಪಾಸ್‌ವರ್ಡ್?"

"ಉದ್ದ ಇದ್ರೆ ಸಾಕು. ಅಪಾಸ್ಟ್ರಫಿ ಥರ ಜಾಗಾನೂ ಇರ್ಲಿ."

"ಞ?"

"ಅದೂ." ಅವನು ತಲೆ ಎತ್ತದೆ ನಕ್ಕ. "ನಿನ್ನ ಮನೆತನದ ಹೆಸರಲ್ಲೇ ಇದೆಯಲ್ಲ. ಹೊರಗಿಡೋಕಾಗುತ್ತಾ?"

ಅವಳ ಬೆರಳು ತಪ್ಪು ಕೀ ಒತ್ತಿತು. ಒಂದು ಸಾಲು ಅಳಿಸಿ ಮತ್ತೆ ಬರೆಯಬೇಕಾಯಿತು. ಧನ್ಯವಾದದ ಪುಟವನ್ನು ಸರ್ವರ್ ಹೂಂ ಅಂದ ಮೇಲಷ್ಟೇ ಬರುವಂತೆ ಮಾಡಿದಳು. ಅವನು ತಿರಸ್ಕಾರವಾದ ವಿಳಾಸಗಳಿಗೆಲ್ಲ ಒಂದು ಮೇಲ್ ಕಳಿಸಿದ: ನಿಮ್ಮ ಅರ್ಜಿ ನಮಗೆ ತಲುಪಿಲ್ಲ, ತಪ್ಪು ನಮ್ಮದು, ದಯವಿಟ್ಟು ಇನ್ನೊಮ್ಮೆ ತುಂಬಿ. ಆಮೇಲೆ ಇಬ್ಬರೂ ಅವರವರ ಪಾಡಿಗೆ ದೋಞಾ ಎರ್ಮೀನಿಯಗೆ ನಡೆದದ್ದನ್ನು ಬರೆದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಯಜಮಾನಿಯ ದನಿ ಅಂಗಡಿಯವರಿಗೆಲ್ಲ ಕೇಳುವಷ್ಟಿತ್ತು.

"ಪನಂಬಿ ಬರೀತಾಳೆ, ತಪ್ಪೆಲ್ಲ ನಂದು, ಎಲಾದಿಯೊಗೆ ಏನೂ ಗೊತ್ತಿರಲಿಲ್ಲ ಅಂತ. ಎಲಾದಿಯೊ ಬರೀತಾನೆ, ತಪ್ಪೆಲ್ಲ ನಂದು, ಪನಂಬೀದು ಏನೂ ಇಲ್ಲ ಅಂತ. ನಾನೀಗ ಯಾರಿಗೆ ಬೈಯ್ಯಲಿ? ನಂಗಾ?"

"ದೋಞಾ, ಗಡುವು..." ಅಂದಳು ಪನಂಬಿ.

"ಇಲಾಖೆಯವರ ಕಾಲು ಹಿಡಿದಿದೀನಿ. ನಾಳೆ ಮಧ್ಯಾಹ್ನದ ತನಕ ಬಿಟ್ಟಿದಾರೆ. ಇನ್ನು ಮುಂದೆ ನಮಗೆ ಅವರ ಕೆಲಸ ಸಿಗಲ್ಲ, ಅದು ಗೊತ್ತಿರ್ಲಿ. ಇನ್ನೊಂದು ವಿಷಯ. ನಿಮ್ಮಿಬ್ಬರನ್ನ ಒಂದೇ ಕಡೆ ಇಡೋದು ನಂಗೆ ದುಬಾರಿ. ಪನಂಬಿ, ಸಿಯುದಾದ್ ದೆಲ್ ಎಸ್ತೆ ಕಡೆ ಆಫೀಸಿಗೆ ಒಬ್ಬರು ಬೇಕು, ಒಂದು ವರ್ಷಕ್ಕೆ. ಸೋಮವಾರ ಮಾತಾಡೋಣ."

ಫೋನ್ ಇಟ್ಟ ಮೇಲೆ ಇಬ್ಬರೂ ಮತ್ತೆ ಲ್ಯಾಪ್‌ಟಾಪ್ ಕಡೆ ತಿರುಗಿದರು. ಸಿಯುದಾದ್ ದೆಲ್ ಎಸ್ತೆ ದೇಶದ ಇನ್ನೊಂದು ಅಂಚು.

ಸಂಜೆ ಹೊತ್ತಿಗೆ ಸಾನ್ ಹಿನೇಸ್‌ನಲ್ಲಿ ಕರೆಂಟ್ ಬಂತು. ಞಾ ರೆಸ್ತಿತೂತಾ ಕಿರುಚಿಕೊಂಡೇ ಫೋನ್ ಮಾಡಿದಳು.

"ಹೋಯ್ತು ಮಗಾ! ಈ-ಮೇಲೂ ಬಂತು! ಗುರ್ತಿನ ನಂಬರ್ ಸಮೇತ! ಪಾಸ್‌ವರ್ಡ್ ಏನಿಟ್ಟೆ ಗೊತ್ತಾ, ನಮ್ಮಮ್ಮ ಹೇಳ್ತಿದ್ದ ಮಾತು..."

"ಹೇಳ್ಬೇಡಿ! ಹೇಳ್ಬೇಡಿ!" ಎಲಾದಿಯೊ ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತ. ಕುರ್ಚಿ ಉರುಳಿತು.

"ಅಯ್ಯೋ, ನೀವು ಒಳ್ಳೇ ಹುಡುಗ್ರು, ನಿಮಗೆ ಹೇಳಿದ್ರೇನು?" ಅಂದು ಞಾ ರೆಸ್ತಿತೂತಾ ಪೂರ್ತಿ ಹೇಳಿಯೇಬಿಟ್ಟಳು. ಪನಂಬಿ ನಗುತ್ತಾ ಟೇಬಲ್ಲಿನ ಮೇಲೆ ತಲೆ ಇಟ್ಟಳು. ಆಮೇಲೆ ಞಾ ರೆಸ್ತಿತೂತಾಗೆ ಪಾಸ್‌ವರ್ಡ್ ಬದಲಾಯಿಸುವುದು ಹೇಗೆ ಅಂತ ಹೇಳಿಕೊಡಬೇಕಾಯಿತು.

*

ಮರುದಿನ ಮಧ್ಯಾಹ್ನ ಗಡುವು ಮುಗಿಯಿತು. ಬಹಳ ಜನ ಮತ್ತೆ ತುಂಬಿದ್ದರು. ಎಲ್ಲರೂ ಅಲ್ಲ. ಮೇಲ್ ನೋಡದವರಿದ್ದರು, ನೋಡಿಯೂ ನಂಬದವರಿದ್ದರು. ಉಳಿದ ಹೆಸರುಗಳನ್ನು ಪನಂಬಿ ಒಂದೊಂದಾಗಿ ಓದಿದಳು, ಸಿಕ್ಕ ನಂಬರುಗಳಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳಿದಳು. ಕೆಲವರು ಬೈದರು. ಒಬ್ಬಳು ಏನೂ ಅನ್ನದೆ ಇಟ್ಟುಬಿಟ್ಟಳು.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರೂ ಅಸುನ್ಸಿಯೊನ್ ಬಸ್ಸಿಗೆ ಕಾಯುತ್ತಾ ಕೂತರು. ದಕ್ಷಿಣದ ಕಡೆ ಮೋಡ ಕಟ್ಟುತ್ತಿತ್ತು.

"ನಾನು ಸಿಯುದಾದ್ ದೆಲ್ ಎಸ್ತೆಗೆ ಹೋಗ್ತೀನಿ," ಅಂದಳು ಪನಂಬಿ. "ಹೋಗ್ಲೇಬೇಕು. ದೋಞಾಗೆ ಅಷ್ಟು ನಷ್ಟ ಮಾಡಿದೀನಿ."

"ಹೂಂ."

"ಹೂಂ? ಅಷ್ಟೇನಾ?"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು "ಅಸುನ್ಸಿಯೊನ್! ಅಸುನ್ಸಿಯೊನ್!" ಅಂತ ಕೂಗಿದ. ಪನಂಬಿ ಎದ್ದು ಚೀಲ ಹೆಗಲಿಗೇರಿಸಿದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ನೋಡು ಎಲಾದಿಯೊ, ಸರಿನೋ ತಪ್ಪೋ, ಒಂದು ಸಲಕ್ಕೆ ಹೇಳಿಬಿಡು. ನಿನ್ನ ಚುಕ್ಕೆ ಕುಣಿಯೋದನ್ನ ನೋಡಿ ನೋಡಿ ನಂಗೆ ಸಾಕಾಗಿದೆ."

"ಖಚಿತ ಆಗದೆ ನಾನು ಏನೂ ಹೇಳಲ್ಲ."

"ಖಚಿತ ಆಗೋಕೆ ಇನ್ನೇನು ಬೇಕು ನಿಂಗೆ?"

"ಏನೂ ಬೇಡ," ಅಂದ ಅವನು. "ಏನೂ ಬೇಡ ಅನ್ನಿಸ್ತಿದೆ. ಅದಕ್ಕೇ ಭಯ. ನೀನು ಇಷ್ಟ ಪನಂಬಿ. ಮೊದಲನೇ ದಿನ ಪೆದ್ದ ಅಂದೆಯಲ್ಲ, ಆವಾಗಿಂದ. ವಾರಕ್ಕೊಂದು ಸಲ ಸಿಯುದಾದ್ ದೆಲ್ ಎಸ್ತೆಗೆ ಬಸ್ಸಲ್ಲಿ ಬರ್ತೀನಿ. ನೀನು ಬೇಡ ಅಂದ್ರೆ ಬರಲ್ಲ. ಬೇಡ ಅನ್ನಬೇಡ."

ಅಷ್ಟುದ್ದ ಮಾತು ಅವನ ಬಾಯಿಂದ ಅವಳು ಕೇಳಿಯೇ ಇರಲಿಲ್ಲ. ಹೇಳಬೇಕು ಅಂತ ಇಟ್ಟುಕೊಂಡಿದ್ದ ತಮಾಷೆಗಳೆಲ್ಲ ಮರೆತುಹೋದವು. ಚೀಲ ಹೆಗಲಿಂದ ಜಾರಿ ಬೆಂಚಿನ ಮೇಲೆ ಬಿತ್ತು. ಅವಳು ಅವನ ಪಕ್ಕದಲ್ಲಿ ಕೂತು, ಅವನ ಕೈ ತೆಗೆದು ತನ್ನ ಮಡಿಲಿನಲ್ಲಿ ಎರಡೂ ಕೈಯಿಂದ ಮುಚ್ಚಿಟ್ಟುಕೊಂಡಳು.

"ಅಸುನ್ಸಿಯೊನ್ ಹೋಗೋರು!" ಕಂಡಕ್ಟರ್ ಅವರನ್ನೇ ನೋಡಿ ಕೂಗಿದ. "ಏನಮ್ಮಾ, ಟಿಕೆಟ್ ತಗೊಂಡಿದ್ರಲ್ಲ, ಹತ್ತಲ್ವಾ?"

ಯಾರೂ ಅಲುಗಲಿಲ್ಲ. ಕಂಡಕ್ಟರ್ ತಲೆಯಾಡಿಸಿ ಬಾಗಿಲು ಬಡಿದ. ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತು.

"ಮುಂದಿನ ಬಸ್ಸು ಎಷ್ಟೊತ್ತಿಗೆ?" ಅಂತ ಕೇಳಿದಳು ಪನಂಬಿ.

"ಸಂಜೆಗೆ."

ಮೊದಲ ಮಳೆಹನಿ ಬೆಂಚಿನ ಮುಂದೆ ಧೂಳಿನಲ್ಲಿ ಬಿತ್ತು. ಅವಳು ಅವನ ಭುಜಕ್ಕೆ ತಲೆಯಿಟ್ಟಳು.

"ಅದೂ ಹೋಗ್ಲಿ," ಅಂದಳು.